ಹಲ್ಲು ಮೇಸ್ತ್ರಿಯ ಒಸಡು

ನಮ್ಮ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆಂಟು ವರ್ಷದಿಂದ ಊರಿಗೆಲ್ಲ ಹಲ್ಲು ಕಟ್ಟಿಕೊಡುತ್ತಿದ್ದ ಮನುಷ್ಯನ ಸ್ವಂತ ಹಲ್ಲು ಅಲ್ಲಾಡತೊಡಗಿದ್ದು ಅವನ ಬಾಯಿಂದ ನನಗೆ ತಿಳಿಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಕಚ್ಚಿ ಕೆಳಗಿಟ್ಟ ಬ್ರೆಡ್ಡಿನ ಅಂಚಿನಲ್ಲಿ ಒಂದು ಕೆಂಪು ಗೆರೆ ಕಂಡಿತು. "ಏನಣ್ಣಾ ಇದು?" ಅಂದೆ. "ಟೊಮೇಟೊ" ಅಂದ. ಆ ಬ್ರೆಡ್ಡಿಗೆ ಬೆಣ್ಣೆ ಬಿಟ್ಟರೆ ಬೇರೇನೂ ಸವರಿರಲಿಲ್ಲ.

ನನ್ನ ಹತ್ತಿರ ಈ ಆಟ ನಡೆಯುತ್ತದೆಯೇ? ನನ್ನ ಕೆಲಸವೇ ಒಸಡಿನದು. ಬಂದವರ ಹಲ್ಲಿನ ಬುಡದಲ್ಲಿ ಕಟ್ಟಿಕೊಂಡ ಪಾಚಿಯನ್ನು ಕೆರೆದು ತೆಗೆಯುವುದು, ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಸಂದು ಎಷ್ಟು ಆಳ ಹೋಗಿದೆ ಎಂದು ನೋಡುವುದು, ಅದನ್ನು ಡಾಕ್ಟರಮ್ಮನಿಗೆ ಬರೆದುಕೊಡುವುದು, ಆಮೇಲೆ ಬೈಯುವುದು. ಬೈಯಲಿಕ್ಕೆ ಯಾರೂ ಹೇಳಿಲ್ಲ, ಅದು ನನ್ನ ಕಡೆಯಿಂದ ಪುಕ್ಕಟೆ. ರೋಗಿಗಳು ಬೆನ್ನ ಹಿಂದೆ ನನ್ನನ್ನು ಜೋರಮ್ಮ ಅನ್ನುತ್ತಾರೆ. ಅನ್ನಲಿ, ಹಲ್ಲು ಉಳಿದರೆ ಸಾಕು.

ಅವನಿಗೆ ಮೇಸ್ತ್ರಿ ಎಂಬ ಹೆಸರಿಟ್ಟವಳೂ ನಾನೇ. ವಯಸ್ಸಿನಲ್ಲಿ ನನಗಿಂತ ಆರು ವರ್ಷ ದೊಡ್ಡವನು. ಕರೆಯುವುದು ಅಣ್ಣ ಎಂದು, ಜಗಳಾಡುವುದು ತಮ್ಮನ ಜೊತೆ ಆಡಿದ ಹಾಗೆ. ಡಾಕ್ಟರಮ್ಮ ರೋಗಿಯ ಬಾಯಿಯ ಅಳತೆ ತೆಗೆದು ಒಳಗೆ ಕಳಿಸಿದರೆ ಅವನು ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾನೆ. ಅಚ್ಚಿನ ಮೇಲೆ ಮೇಣದ ಒಸಡು ಕಟ್ಟಿ, ಸಣ್ಣ ಉರಿಯಲ್ಲಿ ಚಾಕು ಕಾಯಿಸಿಕೊಂಡು, ಒಂದೊಂದೇ ಹಲ್ಲನ್ನು ಸಾಲಾಗಿ ಕೂರಿಸುತ್ತಾನೆ. ಅವನ ಕೋಣೆಯ ಮೂರು ಗೋಡೆಗೂ ಹಲಗೆ, ಹಲಗೆಯ ತುಂಬ ನಂಬರು ಬರೆದ ಬಿಳಿ ಅಚ್ಚುಗಳು. ಕಿಟಕಿ, ಕುರ್ಚಿ, ರೇಡಿಯೊ, ಅವನ ಹುಬ್ಬು, ಎಲ್ಲದರ ಮೇಲೂ ಪ್ಲಾಸ್ಟರಿನ ಧೂಳು. ರೋಗಿಗಳು ಆ ಕೋಣೆಗೆ ಬರುವುದಿಲ್ಲ. ಅವನೂ ಆಚೆ ಹೋಗುವವನಲ್ಲ. ಸಾವಿರಾರು ಬಾಯಿ ನೋಡಿದ್ದಾನೆ, ಒಂದು ಮುಖ ನೋಡಿಲ್ಲ.

ಮುಖ ನೋಡುವ ಕೆಲಸ ಅತ್ತಿಗೆಯದಾಗಿತ್ತು, ಅಂದರೆ ಅವನ ಹೆಂಡತಿಯದು. ಅವರು ಮಾದರಿ ಹಲ್ಲುಗಳ ಪಟ್ಟಿ ಹಿಡಿದುಕೊಂಡು ಬಂದು, ರೋಗಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಚರ್ಮಕ್ಕೆ ಯಾವ ಬಣ್ಣದ ಹಲ್ಲು ಒಪ್ಪುತ್ತದೆ ಎಂದು ಹೇಳುತ್ತಿದ್ದರು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ರೋಗಿಯ ಜೊತೆ ಎರಡು ಮಾತಾಡಿ, ಒಂದು ಸಲ ನಗಿಸಿ, ಒಳಗೆ ಹೋಗಿ ಗಂಡನಿಗೆ ವರದಿ ಒಪ್ಪಿಸುತ್ತಿದ್ದರು: "ನೋಡ್ರೀ, ಈ ಯಜಮಾನರು ನಗುವಾಗ ಬಲಗಡೆ ತುಟಿ ಜಾಸ್ತಿ ಮೇಲೆ ಹೋಗುತ್ತೆ, ಆ ಕಡೆ ಒಂಚೂರು ಉದ್ದ ಇಡಿ." ಅವನು ಇಡುತ್ತಿದ್ದ. ಹಲ್ಲು ಹಾಕಿಸಿಕೊಂಡವರು ಮೇಸ್ತ್ರಿಯ ಕೈಗುಣ ಎಂದು ಹೊಗಳುತ್ತಿದ್ದರು. ಅರ್ಧ ಕೈಗುಣ ಅತ್ತಿಗೆಯ ಕಣ್ಣಿನದು ಎಂಬುದು ನನಗೆ ಗೊತ್ತು.

ಮಧ್ಯಾಹ್ನ ನಾವು ಮೂವರೂ ಆ ಧೂಳಿನ ಕೋಣೆಯಲ್ಲೇ ಊಟ ಮಾಡುತ್ತಿದ್ದೆವು. ಅತ್ತಿಗೆಯ ಮೇಲಿನ ಸಾಲಿನಲ್ಲಿ ಎಡಗಡೆಯ ಎರಡನೇ ಹಲ್ಲು ಪಕ್ಕದ್ದರ ಮೇಲೆ ಸ್ವಲ್ಪ ಹತ್ತಿಕೊಂಡು ಕೂತಿತ್ತು. ನಕ್ಕರೆ ಮೊದಲು ಕಾಣುವುದು ಅದೇ. "ಎಲ್ಲರ ಹಲ್ಲು ನೆಟ್ಟಗೆ ಮಾಡ್ತಾರೆ, ಮನೆಯವಳ ಹಲ್ಲು ಮಾತ್ರ ಸೊಟ್ಟ" ಎಂದು ಅವರು ಗಂಡನನ್ನು ಛೇಡಿಸಿದರೆ, ಅವನು ತಟ್ಟೆಯಿಂದ ತಲೆ ಎತ್ತದೆ, "ಅದನ್ನ ಮುಟ್ಟಿದರೆ ಕೈ ಕಡಿದುಬಿಡ್ತೀನಿ" ಅನ್ನುತ್ತಿದ್ದ. ಯಾರ ಕೈ ಎಂದು ನಾವು ಕೇಳುತ್ತಿದ್ದೆವು. ನಗುತ್ತಿದ್ದೆವು. ದಿನಾ ಅದೇ ಜೋಕು, ದಿನಾ ಅದೇ ನಗು.

ಆಮೇಲೆ ಅತ್ತಿಗೆಯ ತಾಯಿ ಹಾಸಿಗೆ ಹಿಡಿದರು. ಅವರಿದ್ದದ್ದು ದೊಡ್ಡ ಮಗಳ ಮನೆಯಲ್ಲಿ, ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಅತ್ತಿಗೆ ಒಂದು ತಿಂಗಳು ಹೋಗಿ ನೋಡಿಕೊಂಡು ಬಂದರು, ಎರಡು ದಿನ ಇದ್ದರು, ಮತ್ತೆ ಚೀಲಕ್ಕೆ ಬಟ್ಟೆ ತುಂಬಿದರು. ಇಲ್ಲಿ ಕೆಲಸ ರಾಶಿ ಬಿದ್ದಿತ್ತು, ಎರಡು ಹಲ್ಲುಸೆಟ್ಟು ಬಣ್ಣ ತಪ್ಪಿ ವಾಪಸು ಬಂದಿದ್ದವು. ಗೋಡೆಯ ಆಚೆಯಿಂದ ಮೇಸ್ತ್ರಿಯ ಗಂಟಲು ನನಗೇ ಕೇಳಿಸಿತು. "ಹೋಗೋದಾದ್ರೆ ಅಲ್ಲೇ ಇದ್ಬಿಡು. ನೀನಿಲ್ಲ ಅಂತ ಇಲ್ಲೇನೂ ನಿಂತುಹೋಗಲ್ಲ."

ಅಷ್ಟೇ ಮಾತು. ಹೊಡೆತವಿಲ್ಲ, ಕುಡಿತವಿಲ್ಲ, ಇನ್ನೊಬ್ಬಳಿಲ್ಲ. ಅತ್ತಿಗೆ ನನ್ನ ಕುರ್ಚಿಯ ಪಕ್ಕದಿಂದಲೇ ಹಾದು ಹೋದರು, ನನ್ನ ಭುಜ ಮುಟ್ಟಿದರು. ಎಂಟು ತಿಂಗಳಿಗೆ ತಾಯಿ ತೀರಿಕೊಂಡರು. ಇವನು ಮಣ್ಣಿಗೆ ಹೋದ, ಗಂಡಸರ ನಡುವೆ ನಿಂತ, ಸಂಜೆಯ ಬಸ್ಸಿಗೆ ಒಬ್ಬನೇ ಬಂದ. ಅವಳಾಗಿ ಬರುತ್ತಾಳೆ ಎಂದು ಇವನು ಕಾದ. ಕರೆಯುತ್ತಾರೆ ಎಂದು ಅವರು ಕಾದರು. ಹೀಗೆ ಎರಡು ವರ್ಷ ತುಂಬಿತು.

"ಫೋನ್ ಮಾಡಣ್ಣಾ" ಎಂದು ನಾನು ಎಷ್ಟು ಸಲ ಗಂಟಲು ಹರಿದುಕೊಂಡಿಲ್ಲ! ಒಂದೇ ಉತ್ತರ: "ಪರವಾಗಿಲ್ಲ ಬಿಡು." ಊಟ ಮಾಡಿದೆಯಾ? ಪರವಾಗಿಲ್ಲ. ಜ್ವರ ಇದೆಯಲ್ಲ? ಪರವಾಗಿಲ್ಲ. ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದ, ಒಳಗೆ ಹೋದರೆ ಮೇಣದ ಮುಂದೆ ಬಗ್ಗಿದವನು ತಲೆ ಎತ್ತುತ್ತಿರಲಿಲ್ಲ. ಕೆಲಸ ಮಾಡುವಾಗ ದವಡೆ ಬಿಗಿ ಹಿಡಿದು ಹಲ್ಲು ಕಡಿಯುವ ಸದ್ದು ನನ್ನ ಕುರ್ಚಿಯವರೆಗೆ ಕೇಳುತ್ತಿತ್ತು.

ಬ್ರೆಡ್ಡಿನ ಮೇಲೆ ರಕ್ತ ಕಂಡ ದಿನ ಅವನನ್ನು ಕೈ ಹಿಡಿದು ಎಳೆದು ತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಬಾಯಿ ತೆಗೆಸಿ ನೋಡಿದರೆ ನನಗೆ ಅಳುವೇ ಬಂತು. ಒಸಡು ಊದಿಕೊಂಡು ಕೆಂಡವಾಗಿತ್ತು. ಮೂರು ಗೆರೆ ಇಳಿಯಬೇಕಾದ ಕಡ್ಡಿ ಆರು, ಏಳು ಗೆರೆ ಇಳಿಯಿತು. ಮೇಲಿನ ಮುಂದಿನ ನಾಲ್ಕೂ ಹಲ್ಲು ಬೆರಳಿಗೆ ಅಲುಗುತ್ತಿದ್ದವು. ಹಿಂದಿನ ದವಡೆ ಹಲ್ಲುಗಳು ಕಡಿದು ಕಡಿದು ಚಪ್ಪಟೆಯಾಗಿದ್ದವು. "ದಿನಾ ಹಲ್ಲು ಉಜ್ಜುತ್ತೀಯಾ ಇಲ್ವಾ?" ಎಂದು ಗದರಿದರೆ, ಯೋಚನೆ ಮಾಡಿ, "ನೆನಪಾದಾಗ" ಅಂದ. ಹಲ್ಲೇ ಕಸುಬಾದವನ ಉತ್ತರ ಅದು.

ಕೆರೆದು ಶುಚಿ ಮಾಡಿದೆ. ಔಷಧಿ ಆಯಿತು. ಮೂರು ತಿಂಗಳ ನಂತರ ಮತ್ತೆ ಕಡ್ಡಿ ಇಳಿಸಿದರೆ ಅದೇ ಏಳು. ಡಾಕ್ಟರಮ್ಮ ತಲೆ ಕೆರೆದುಕೊಂಡರು. ಬೀಡಿ ಸಿಗರೇಟು ಇಲ್ಲ. ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿದರೆ ಅದೂ ಇಲ್ಲ. ಕಡೆಗೆ ಅವನಿಗೆ ಹೇಳಿದರು: "ಒಸಡು ಕೆಡಿಸೋದು ಪಾಚೀನೇ. ಬರೀ ಚಿಂತೆಯಿಂದ ಯಾರ ಹಲ್ಲೂ ಬೀಳಲ್ಲ. ಆದ್ರೆ ಪಾಚಿ ಜೊತೆ ಹೊಡೆದಾಡಬೇಕಾದ ಮೈ ದಿನಾ ಚಿಂತೆ ಜೊತೆ ಹೊಡೆದಾಡ್ತಾ ಕೂತರೆ ಒಸಡಿನ ಕಾವಲಿಗೆ ಯಾರಿದ್ದಾರೆ? ನಿದ್ದೆ ಇಲ್ಲ, ಉಜ್ಜೋದು ಮರೀತೀರಿ, ಹಲ್ಲು ಕಡೀತೀರಿ. ಕರಗಿದ ಮೂಳೆ ಮತ್ತೆ ಬರೋದಿಲ್ಲ ಮೇಸ್ತ್ರೀ. ಇನ್ನು ಮೂರು ತಿಂಗಳು ನೋಡ್ತೀನಿ. ಹೀಗೇ ಇದ್ದರೆ ಮುಂದಿನ ನಾಲ್ಕನ್ನೂ ಕೀಳಬೇಕು."

"ಪರವಾಗಿಲ್ಲ" ಅಂದ ಮಹರಾಯ.

ಈ ಒಂದು ಶಬ್ದಕ್ಕೆ ನಾನು ಹೆದರುತ್ತೇನೆ. ಇಪ್ಪತ್ತು ವರ್ಷ ಬಾಯಿಗಳ ಮುಂದೆ ಕೂತು ನಾನು ಕಂಡುಕೊಂಡದ್ದು ಇಷ್ಟು: ಕಷ್ಟ ಎಲ್ಲರಿಗೂ ಇದೆ. ಕಾರ್ಖಾನೆ ಮುಚ್ಚಿ ಕೆಲಸ ಹೋದ ಹೆಂಗಸೊಬ್ಬಳು ಬರುತ್ತಿದ್ದಳು. ನಾನು ಹಲ್ಲು ಕೆರೆಯುವಾಗಲೂ ಬಾಯಿ ಮುಚ್ಚುತ್ತಿರಲಿಲ್ಲ; ಮಾಲೀಕನಿಗೆ ಶಾಪ ಹಾಕಿದಳು, ಅತ್ತಳು, ಹತ್ತು ಕಡೆ ಕೆಲಸ ಕೇಳಿದಳು, ತಂಗಿಯ ಮನೆಗೆ ಹೋಗಿ ಸಹಾಯ ಕೇಳಿದಳು. ನಾಲ್ಕು ತಿಂಗಳಲ್ಲಿ ಅವಳ ಒಸಡು ಗಟ್ಟಿಯಾಯಿತು. ಅದೇ ಕಾರ್ಖಾನೆಯ ಇನ್ನೊಬ್ಬ ಬರುತ್ತಿದ್ದ, ಕೇಳಿದ್ದಕ್ಕೆಲ್ಲ ಪರವಾಗಿಲ್ಲ ಅನ್ನುತ್ತಿದ್ದ. ಅವನಿಗೆ ಮೇಸ್ತ್ರಿಯೇ ಪೂರ್ತಿ ಸೆಟ್ಟು ಮಾಡಿಕೊಟ್ಟ. ಇದು ಶಾಸ್ತ್ರವೋ ಅಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರಮ್ಮನನ್ನು ಕೇಳಿದರೆ, "ಪೂರ್ತಿ ಸುಳ್ಳಲ್ಲ, ಚಿಂತೆಯನ್ನ ಹೇಗೆ ಹೊರ್ತೀವಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ" ಅಂದರು. ನನಗೆ ಅಷ್ಟು ಸಾಕು.

ಹಾಗಿರುವಾಗ ನಿವೃತ್ತ ಹೆಡ್‌ಮೇಡಂ ಒಬ್ಬರಿಗೆ ಪೂರ್ತಿ ಸೆಟ್ಟು ಮಾಡಬೇಕಾಗಿ ಬಂತು. ಎಪ್ಪತ್ತು ದಾಟಿದವರು, ಬಾಯಲ್ಲಿ ಒಂದು ಹಲ್ಲೂ ಇಲ್ಲ, ಧ್ವನಿ ಮಾತ್ರ ಇವತ್ತಿಗೂ ಕೊನೆಯ ಬೆಂಚಿಗೆ ಕೇಳುವಂಥದ್ದು. ಮೇಣದ ಸೆಟ್ಟನ್ನು ಬಾಯಿಗಿಟ್ಟು ನೋಡುವ ದಿನ ಡಾಕ್ಟರಮ್ಮ ಹಾಕಿದರು, ನಾನು ಕನ್ನಡಿ ಹಿಡಿದೆ. ಮೇಡಂ ತುಟಿ ಅರಳಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಇದು ಯಾರ ಹಲ್ಲು? ನನ್ನ ಬಾಯಲ್ಲಿ ಬೇರೆ ಯಾರೋ ನಗ್ತಿದಾರಲ್ಲ!"

ಡಾಕ್ಟರಮ್ಮ ಬಗ್ಗಿ ನೋಡಿದರು. "ಅರೆ, ಈ ಎಡಗಡೆ ಹಲ್ಲು ಯಾಕೆ ಸೊಟ್ಟ ಕೂರಿಸಿದ್ದಾರೆ? ಪಕ್ಕದ್ದರ ಮೇಲೆ ಹತ್ತಿಬಿಟ್ಟಿದೆ."

ಅತ್ತಿಗೆ! ಆ ಸುಕ್ಕುಗಟ್ಟಿದ ಮುಖದಲ್ಲಿ ಅತ್ತಿಗೆಯ ನಗು ಇದ್ದ ಹಾಗೆಯೇ ಇತ್ತು, ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಆ ಹಿರಿಯರನ್ನು ಕೇಳಿಕೊಂಡೆ: "ಇನ್ನೊಂದು ಸಲ ನಗಿ ಮೇಡಂ." ಅವರು ಪಾಪ, ಏನೋ ಪರೀಕ್ಷೆ ಇರಬೇಕು ಎಂದುಕೊಂಡು ಮತ್ತೆ ನಕ್ಕರು. ನಾನು ಕಣ್ತುಂಬ ನೋಡಿದೆ.

ಸೆಟ್ಟನ್ನು ತೊಳೆದು ತಂದು ಮೇಸ್ತ್ರಿಯ ಮೇಜಿನ ಮೇಲೆ ಇಟ್ಟೆ. "ಇದನ್ನ ನೋಡು" ಅಂದೆ. ಅವನು ಕೈಗೆತ್ತಿಕೊಂಡ, ತಿರುಗಿಸಿದ, ಹೆಬ್ಬೆರಳನ್ನು ಆ ಸೊಟ್ಟ ಹಲ್ಲಿನ ಮೇಲೆ ಆಡಿಸಿದ. ಮುಖದ ಬಣ್ಣ ಇಳಿಯಿತು.

"ನಾನು ಮಾಡಿದ್ದಾ?"

"ಇನ್ಯಾರು ಮಾಡ್ತಾರೆ? ನಾನು ಮಾಡಿದೆನಾ?"

"ಅವಳ ಬಾಯಿ ಅಳತೆ ನಾನ್ಯಾವತ್ತೂ ತಗೊಂಡಿಲ್ಲ. ಈ ಕೋಣೇಲಿ ಅವಳದ್ದೊಂದು ಅಚ್ಚಿಲ್ಲ" ಅಂದ. ಸೆಟ್ಟನ್ನು ಕೆಳಗಿಟ್ಟು, "ಕೈ ತಾನಾಗಿ ಮಾಡಿಬಿಟ್ಟಿದೆ" ಅಂದ. ಆಮೇಲೆ ಆ ಮನುಷ್ಯ, ಎರಡು ವರ್ಷದಿಂದ ಒಂದೇ ಶಬ್ದ ಅಗಿಯುತ್ತಿದ್ದವನು, ಮುಖ ಮುಚ್ಚಿಕೊಂಡು ಬಿಕ್ಕಿದ. "ಅವಳು ಬೇಕು ಅನ್ಸುತ್ತೆ. ದಿನಾ ಅನ್ಸುತ್ತೆ. ಮನೆಗೆ ಹೋದ್ರೆ ಬೀಗ ತೆಗೆಯೋಕೇ ಮನಸ್ಸು ಬರಲ್ಲ. ಈಗ ಹೋಗಿ ಕರೆದರೆ ಬರಲ್ಲ ಅಂದುಬಿಟ್ಟರೆ?" ಅವನ ಹುಬ್ಬಿನ ಧೂಳು ಕಣ್ಣೀರಿಗೆ ಕಲಸಿ ಕೆನ್ನೆಯ ಮೇಲೆ ಗಟ್ಟಿಯಾಗುತ್ತಿತ್ತು. ನಾನು ಒದ್ದೆ ಬಟ್ಟೆಯಿಂದ ಒರೆಸಿದೆ. ಒರೆಸುತ್ತಲೇ ಬೈದೆ. ಭಾನುವಾರ ಹೋಗುವುದೆಂದು ತೀರ್ಮಾನವಾಯಿತು.

ಸೋಮವಾರ ನಾನು ಆಸ್ಪತ್ರೆಗೆ ಓಡೋಡಿ ಬಂದೆ. ಅವನು ಮೇಣ ಕಾಯಿಸುತ್ತಿದ್ದ.

"ಹೋಗಿದ್ಯಾ?"

"ಹೋಗಿದ್ದೆ."

"ಏನಂದೆ?"

ಅವನು ಉರಿಯ ಕಡೆ ನೋಡಿದ. "ಬಸ್ಸಲ್ಲಿ ಎಲ್ಲಾ ಹೇಳಿಕೊಂಡು ಹೋಗಿದ್ದೆ. ಬಾಗಿಲು ಅವಳೇ ತೆಗೆದಳು. 'ಯಾಕ್ ಬಂದ್ರಿ' ಅಂದಳು. ಒಂದು ಸೆಟ್ಟಿಗೆ ಬಣ್ಣ ನೋಡಬೇಕಿತ್ತು, ಅದಕ್ಕೆ ಬಂದೆ ಅಂದೆ."

ನಾನು ಹಣೆ ಹಣೆ ಚಚ್ಚಿಕೊಂಡೆ. "ಮೂರು ಗಂಟೆ ಬಸ್ಸಲ್ಲಿ ಕೂತು ಹೋಗಿ ಬಣ್ಣ ಕೇಳಿ ಬಂದ್ಯಾ? ನಿನ್ನ ತಲೆಯಲ್ಲೂ ಪ್ಲಾಸ್ಟರ್ ತುಂಬಿದೆಯಾ?"

"'ನನ್ನ ಕಣ್ಣು ಈಗ ಮೊದಲಿನ ಹಾಗಿಲ್ಲ, ಬೇರೆಯವರ ಹತ್ರ ತೋರಿಸಿಕೊಳ್ಳಿ' ಅಂದಳು. ಅವಳಿಗೆ ಕೋಪ ಇಳಿದಿಲ್ಲ. ನನ್ನ ಮುಖ ನೋಡಿ ಮಾತಾಡಲಿಲ್ಲ. ನಿಂತಷ್ಟು ಹೊತ್ತೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಇದ್ದಳು."

ನನ್ನ ಬೈಗುಳ ಅಲ್ಲೇ ನಿಂತಿತು. "ಕೈ ಹೇಗೆ ಹಿಡಿದಿದ್ರು? ತೋರಿಸು."

ಅವನು ನಾಲ್ಕು ಬೆರಳನ್ನು ಮೇಲ್ದುಟಿಯ ಮುಂದೆ ಅಡ್ಡಲಾಗಿ ಹಿಡಿದು ತೋರಿಸಿದ. ದಿನಕ್ಕೆ ಹತ್ತು ಜನ ಹಾಗೆ ಕೈ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬರುತ್ತಾರೆ. ಹೆಸರು ಕೇಳಿದರೆ ಕೈಯ ಹಿಂದಿನಿಂದಲೇ ಹೇಳುತ್ತಾರೆ. ಡಾಕ್ಟರಮ್ಮನಿಗೆ ಗೊತ್ತು, ಟೋಕನ್ ಕೊಡುವವಳಿಗೂ ಗೊತ್ತು. ಇವನೊಬ್ಬನಿಗೆ ಗೊತ್ತಿಲ್ಲ, ಇವನ ಕೋಣೆಗೆ ಬರುವ ಬಾಯಿಗಳಿಗೆ ಕೈಯೇ ಇರುವುದಿಲ್ಲವಲ್ಲ!

"ಅಣ್ಣಾ, ಅದು ಕೋಪ ಅಲ್ಲ. ಅತ್ತಿಗೆಗೆ ಮುಂದಿನ ಹಲ್ಲು ಹೋಗಿವೆ."

ಅವನು ನನ್ನನ್ನೇ ದಿಟ್ಟಿಸಿದ. ನಿಧಾನವಾಗಿ ಉರಿ ಆರಿಸಿದ. ಮೂರು ಸೆಟ್ಟು ಅರ್ಧಕ್ಕೆ ಬಿದ್ದಿದ್ದವು, ಒಂದು ಅಚ್ಚಿನ ಪ್ಲಾಸ್ಟರ್ ಇನ್ನೂ ಹಸಿಯಾಗಿತ್ತು. ಯಾವುದನ್ನೂ ಮುಚ್ಚಿಡಲಿಲ್ಲ. ಏಪ್ರನ್ ಬಿಚ್ಚುವುದನ್ನೂ ಮರೆತು, ಧೂಳು ಹೊತ್ತ ತಲೆಯಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಇಪ್ಪತ್ತು ವರ್ಷದಲ್ಲಿ ಅವನು ಕೆಲಸ ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಲ್ಲಿ ನಡೆದದ್ದನ್ನು ಅತ್ತಿಗೆಯೇ ಆಮೇಲೆ ಹೇಳಿದರು. ಬಾಗಿಲು ತೆಗೆದರೆ ಇವನು ಬಿಳಿ ಬಿಳಿ ನಿಂತಿದ್ದಾನೆ. ಹೆಬ್ಬೆರಳಿನಿಂದ ತನ್ನ ಮೇಲ್ದುಟಿ ಎತ್ತಿ ತೋರಿಸಿದನಂತೆ. "ಎದುರು ಮನೆಯವರು ನೋಡ್ತಿದ್ರು ಕಣೇ. ಸಂತೇಲಿ ಮಾರೋಕೆ ತಂದ ಕುದುರೆ ಹಾಗೆ ಹಲ್ಲು ತೋರಿಸ್ಕೊಂಡು ನಿಂತಿದ್ರು. 'ನಂದೂ ಹೋಗ್ತಿವೆ. ನೀನಿಲ್ದೆ ಎಲ್ಲಾ ನಿಂತುಹೋಗಿದೆ. ಬಾ' ಅಂದ್ರು." ಅತ್ತಿಗೆ ಅಷ್ಟಕ್ಕೆ ಕೈ ಕೆಳಗಿಳಿಸಿದರಂತೆ. ಮುಂದಿನ ಮೂರು ಹಲ್ಲು ಇರಲಿಲ್ಲ. ಆ ಸೊಟ್ಟ ಹಲ್ಲೂ ಇರಲಿಲ್ಲ. ಅವನು ಆ ಖಾಲಿ ಜಾಗವನ್ನೇ ನೋಡುತ್ತ ಹೊಸ್ತಿಲ ಮೇಲೆ ಕೂತುಬಿಟ್ಟನಂತೆ. ಅತ್ತಿಗೆ ಪಕ್ಕದಲ್ಲಿ ಕೂತರಂತೆ. ಎರಡು ಬಸ್ಸು ಹೋಗಿ ಮೂರನೆಯದಕ್ಕೆ ಇಬ್ಬರೂ ಹತ್ತಿದರು.

ಮರುದಿನ ಬೆಳಿಗ್ಗೆ ಅತ್ತಿಗೆ ನನ್ನ ಕುರ್ಚಿಯಲ್ಲಿ ಕೂತಿದ್ದರು. ತೆಳ್ಳಗಾಗಿದ್ದರು. ತಬ್ಬಿಕೊಂಡು ಅತ್ತೆವು, ಅದನ್ನು ಹೇಳುವುದು ಬೇಡ. ಬಾಯಿ ನೋಡಿದರೆ ಗಂಡನ ಬಾಯಿಯನ್ನೇ ಇನ್ನೊಂದು ಸಲ ನೋಡಿದಂತಾಯಿತು. ಅದೇ ಊತ, ಅದೇ ರಕ್ತ, ಏಳು ಗೆರೆ, ಒಂದು ಕಡೆ ಎಂಟು.

"ಅಮ್ಮನ ಹಾಸಿಗೆ ಪಕ್ಕ ಹಗಲೂ ರಾತ್ರಿ ಕೂತವಳಿಗೆ ತನ್ನ ಬಾಯಿ ತೊಳೆಯೋ ನೆನಪು ಎಲ್ಲಿರುತ್ತೆ?" ಅಂದರು. "ಅಮ್ಮ ಹೋದ ಮೇಲೆ ನಿದ್ದೇನೂ ಹೋಯ್ತು. ಒಂದು ತಾನಾಗೇ ಬಿತ್ತು. ಇನ್ನೆರಡು ಕೀಳಿಸಿದೆ. ಈ ಬಾಯಿ ಇಟ್ಟುಕೊಂಡು ಹಲ್ಲು ಕಟ್ಟೋರ ಮನೆಗೆ ಹೇಗೆ ಬರಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟೋ ದುಃಖವೋ, ನನ್ನಲ್ಲಿ ಎರಡೂ ಒಂದೇ ಬಾಗಿಲಿಂದ ಬರುತ್ತವೆ. "ಎಂಥ ಜನ ಅತ್ತಿಗೆ ನೀವಿಬ್ರೂ! ಎರಡು ವರ್ಷ! ಒಂದು ಮಾತು ಬಾಯಿಬಿಟ್ಟು ಹೇಳೋಕಾಗದೆ ಹಲ್ಲೆಲ್ಲ ಉದುರಿಸಿಕೊಂಡ್ರಲ್ಲ! ಅವನು ಅಲ್ಲಿ ಮೇಣದ ಮುಂದೆ ಕೂತು ನುಂಗಿದ, ನೀವು ಇನ್ನೊಂದು ಊರಲ್ಲಿ ಕೂತು ನುಂಗಿದ್ರಿ. ಡಾಕ್ಟರಮ್ಮ ಅವನಿಗೆ ಮುಂದಿನ ನಾಲ್ಕನ್ನೂ ಕೀಳಬೇಕಾಗುತ್ತೆ ಅಂದಿದ್ದಾರೆ. ನಿಮಗೆ ಮೂರು ಆಗಲೇ ಹೋಗಿವೆ. ಒಂದು ಫೋನು, ಒಂದೇ ಒಂದು ಫೋನು ಯಾರಾದ್ರೂ ಮಾಡಿದ್ದರೆ!"

ನಾನು ಉಸಿರು ತೆಗೆದುಕೊಳ್ಳುವವರೆಗೆ ಅತ್ತಿಗೆ ಕಾದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡರು.

"ನನ್ನ ನಂಬರು ನಿನಗೆ ಬಾಯಿಪಾಠ ಇತ್ತಲ್ವಾ? ಅವರಿಗೆ ಆಗಲಿಲ್ಲ, ನನಗೂ ಆಗಲಿಲ್ಲ. ನೀನಾದ್ರೂ ಒಂದು ಸಲ ಮಾಡಬಹುದಿತ್ತಲ್ಲೇ. ಅವರ ಫೋನಿಗಿಂತ ಜಾಸ್ತಿ ನಾನು ನಿನ್ನ ಫೋನಿಗೆ ಕಾದೆ."

ಗಂಡ ಹೆಂಡಿರ ನಡುವೆ ನಾನ್ಯಾಕೆ ಎಂದುಕೊಂಡಿದ್ದೆ. ಮೊದಲ ತಿಂಗಳು ಹಾಗೆಂದುಕೊಂಡೆ, ಆರನೆಯ ತಿಂಗಳು ಇಷ್ಟು ದಿನ ಬಿಟ್ಟು ಈಗೇನು ಮಾತಾಡಲಿ ಎಂದುಕೊಂಡೆ, ಆಮೇಲೆ ರೋಗಿಗಳು, ಕೆಲಸ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಅತ್ತಿಗೆ ಕಾಯುತ್ತಿದ್ದರು.

ನಾನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ದೀಪವನ್ನು ಅವರ ಮುಖದ ಕಡೆ ತಿರುಗಿಸಿದೆ.

"ಬಾಯಿ ತೆಗೀರಿ ಅತ್ತಿಗೆ" ಎಂದೆ.